ಹೋಟೆಲ್‌ಗಳಿಗೆ ಹೆಸರು ಕೊಟ್ಟ ಬಿಷಪ್: ಅರ್ಲ್ ಪದವಿ, ಅಪಾರ ಹಣ ಮತ್ತು ಮುಗಿಯದ ಅರಮನೆಗಳ ಕಥೆ

ಯುರೋಪ್ ಪ್ರವಾಸ ಮಾಡಿದವರು ವಿಯೆನ್ನಾದಲ್ಲೋ ಪ್ಯಾರಿಸ್‌ನಲ್ಲೋ ರೋಮ್‌ನಲ್ಲೋ ಹೋಟೆಲ್ ಬ್ರಿಸ್ಟಲ್ ಎಂಬ ಬೋರ್ಡ್ ನೋಡಿರಬಹುದು. ಇವೆಲ್ಲ ಒಂದೇ ಕಂಪನಿಯ ಹೋಟೆಲ್‌ಗಳಲ್ಲ. ಬ್ರಿಸ್ಟಲ್ ಎಂಬ ಇಂಗ್ಲಿಷ್ ಊರಿಗೂ ಇವುಗಳಿಗೂ ನೇರ ಸಂಬಂಧವಿಲ್ಲ. ಸುಮಾರು 230 ವರ್ಷಗಳ ಹಿಂದೆ ಕುದುರೆ ಗಾಡಿಗಳ ಸಾಲಿನೊಂದಿಗೆ ಯುರೋಪ್ ಸುತ್ತುತ್ತಿದ್ದ ಒಬ್ಬ ಶ್ರೀಮಂತ ಪ್ರವಾಸಿಯ ನೆನಪು ಈ ಹೆಸರಿನ ಹಿಂದಿದೆ ಎಂಬುದು ಜನಪ್ರಿಯ ನಂಬಿಕೆ. ಊಟ, ವೈನ್, ಕೋಣೆ ಎಲ್ಲದರಲ್ಲೂ ಉತ್ತಮವಾದದ್ದನ್ನೇ ಕೇಳುತ್ತಿದ್ದ ಆ ಅತಿಥಿ ತಂಗಿದ ಜಾಗ ಎಂದರೆ ಅದೇ ಒಂದು ಜಾಹೀರಾತಾಗಿತ್ತು.

ಆ ಪ್ರವಾಸಿ ವ್ಯಾಪಾರಿಯಲ್ಲ, ರಾಜಕುಮಾರನೂ ಅಲ್ಲ. ಐರ್ಲೆಂಡ್‌ನ ಡೆರ್ರಿ ನಗರದ ಆಂಗ್ಲಿಕನ್ ಬಿಷಪ್! ಜೊತೆಗೆ ಬ್ರಿಸ್ಟಲ್‌ನ ನಾಲ್ಕನೇ ಅರ್ಲ್. ಹೆಸರು ಫ್ರೆಡರಿಕ್ ಆಗಸ್ಟಸ್ ಹಾರ್ವಿ. ಇತಿಹಾಸ ಅವರನ್ನು ಅರ್ಲ್ ಬಿಷಪ್ ಎಂದೇ ಕರೆಯುತ್ತದೆ.

35 ವರ್ಷ ಬಿಷಪ್ ಆಗಿದ್ದ ಈ ವ್ಯಕ್ತಿಯನ್ನು ಕೆಲವರು ಧರ್ಮ ಸಹಿಷ್ಣುತೆಯ ಹರಿಕಾರ ಎಂದು ಹೊಗಳಿದರು. ಇನ್ನು ಕೆಲವರು ಬಡವರ ಹಣದಲ್ಲಿ ಮಜಾ ಮಾಡಿದ ಬೇಜವಾಬ್ದಾರಿ ಮನುಷ್ಯ ಎಂದು ತೆಗಳಿದರು. ಎರಡರಲ್ಲೂ ನಿಜವಿದೆ ಎಂಬುದೇ ಅವರ ಬದುಕಿನ ವಿಶೇಷ.

ಮೂರನೇ ಮಗನಿಗೆ ಚರ್ಚ್ ಕೆಲಸ

ಹಾರ್ವಿ ಹುಟ್ಟಿದ್ದು 1730ರ ಆಗಸ್ಟ್ 1ರಂದು, ಇಂಗ್ಲೆಂಡ್‌ನ ಸಫೋಕ್ ಪ್ರಾಂತ್ಯದ ಇಕ್‌ವರ್ತ್‌ನಲ್ಲಿ. ತಂದೆ ಲಾರ್ಡ್ ಹಾರ್ವಿ ಎರಡನೇ ಜಾರ್ಜ್ ದೊರೆಯ ಆಸ್ಥಾನದ ಪ್ರಭಾವಿ ವ್ಯಕ್ತಿ. ತಾಯಿ ಮೇರಿ ಲೆಪೆಲ್ ಸೌಂದರ್ಯ ಮತ್ತು ಮಾತುಗಾರಿಕೆಗೆ ಹೆಸರಾದವರು.

ಆ ಕಾಲದ ಇಂಗ್ಲಿಷ್ ಕುಲೀನ ಮನೆತನಗಳಲ್ಲಿ ಆಸ್ತಿ ಮತ್ತು ಬಿರುದು ಹಿರಿಯ ಮಗನಿಗೆ ಹೋಗುತ್ತಿತ್ತು. ಉಳಿದ ಗಂಡುಮಕ್ಕಳು ಸೇನೆ, ನೌಕಾಪಡೆ, ವಕೀಲಿಕೆ ಅಥವಾ ಚರ್ಚ್‌ನಲ್ಲಿ ದಾರಿ ಹುಡುಕಿಕೊಳ್ಳಬೇಕಿತ್ತು. ಹಾರ್ವಿ ಮೂರನೇ ಮಗ. ಹಿರಿಯಣ್ಣ ಜಾರ್ಜ್ ಅರ್ಲ್ ಆದರು. ಎರಡನೇ ಅಣ್ಣ ಆಗಸ್ಟಸ್ ನೌಕಾಪಡೆ ಸೇರಿದರು. ವೆಸ್ಟ್‌ಮಿನ್‌ಸ್ಟರ್ ಶಾಲೆ ಮತ್ತು ಕೇಂಬ್ರಿಡ್ಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿ ಓದಿದ ಫ್ರೆಡರಿಕ್ ಪಾದ್ರಿಯಾದರು. ಅದಕ್ಕೂ ಮುನ್ನ, 1752ರಲ್ಲಿ, ನೆರೆಯ ಜಮೀನ್ದಾರ ಕುಟುಂಬದ ಎಲಿಜಬೆತ್ ಡೇವರ್ಸ್ ಅವರನ್ನು ಮದುವೆಯಾಗಿದ್ದರು.

ಸುಮಾರು ಹನ್ನೆರಡು ವರ್ಷ ದೊಡ್ಡ ಹುದ್ದೆಯೇನೂ ಸಿಗಲಿಲ್ಲ. ಸಾಲದ ಬಾಧೆ ಇತ್ತು, ಮಕ್ಕಳು ಹುಟ್ಟುತ್ತಿದ್ದರು. ಈ ಅವಧಿಯಲ್ಲೇ ಪ್ರವಾಸದ ಹುಚ್ಚು ಹತ್ತಿತು. 1766ರಲ್ಲಿ ಇಟಲಿಯ ನೇಪಲ್ಸ್‌ಗೆ ಹೋದಾಗ ವೆಸೂವಿಯಸ್ ಜ್ವಾಲಾಮುಖಿ ಉಕ್ಕುತ್ತಿತ್ತು. ಶಾಲಾ ಗೆಳೆಯ ಸರ್ ವಿಲಿಯಂ ಹ್ಯಾಮಿಲ್ಟನ್ ಅಲ್ಲಿ ಬ್ರಿಟನ್‌ನ ರಾಯಭಾರ ಪ್ರತಿನಿಧಿ. ಹತ್ತಿರದಿಂದ ನೋಡುವ ಆಸೆಗೆ ಹಾರ್ವಿ ಬೆಟ್ಟ ಹತ್ತಿದರು. ಮೇಲಿಂದ ಸಿಡಿದು ಬಂದ ಕಲ್ಲು ತೋಳಿಗೆ ಬಡಿದು ಗಾಯವಾಯಿತು. ಆದರೆ ಅಂದು ಅಂಟಿಕೊಂಡ ಭೂವಿಜ್ಞಾನದ ಆಸಕ್ತಿ ಕೊನೆವರೆಗೂ ಬಿಡಲಿಲ್ಲ.

ಅಣ್ಣನ ಕೃಪೆ, ತಮ್ಮನ ಅದೃಷ್ಟ

ಅದೇ 1766ರಲ್ಲಿ ಅಣ್ಣ ಜಾರ್ಜ್ ಐರ್ಲೆಂಡ್‌ನ ಲಾರ್ಡ್ ಲೆಫ್ಟಿನೆಂಟ್ ಆಗಿ ನೇಮಕಗೊಂಡರು. ಸರಳವಾಗಿ ಹೇಳಬೇಕೆಂದರೆ ಐರ್ಲೆಂಡ್‌ನ ವೈಸರಾಯ್. ತಮಾಷೆ ಎಂದರೆ ಅವರು ಐರ್ಲೆಂಡ್‌ಗೆ ಕಾಲಿಡದೆಯೇ ಹುದ್ದೆ ಬಿಟ್ಟರು! ಆದರೆ ಆ ಪ್ರಭಾವದಲ್ಲಿ ತಮ್ಮನ ಬದುಕು ಬದಲಾಯಿತು. 1767ರಲ್ಲಿ ಫ್ರೆಡರಿಕ್ ಕ್ಲಾಯ್ನ್ ಎಂಬಲ್ಲಿ ಬಿಷಪ್ ಆದರು. ಮರುವರ್ಷವೇ ಡೆರ್ರಿಗೆ ಬಡ್ತಿ. ಈ ಸುದ್ದಿ ಬಂದಾಗ ಹಾರ್ವಿ ತೋಟದಲ್ಲಿ ಕಿರಿಯ ಪಾದ್ರಿಗಳ ಜೊತೆ ಒಬ್ಬರ ಬೆನ್ನ ಮೇಲೆ ಒಬ್ಬರು ಜಿಗಿಯುವ ಆಟ ಆಡುತ್ತಿದ್ದರಂತೆ. ಎಲ್ಲರಿಗಿಂತ ಎತ್ತರಕ್ಕೆ ಜಿಗಿದುಬಿಟ್ಟೆ ಎಂದು ಖುಷಿಪಟ್ಟರು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ.

ಡೆರ್ರಿ ಐರ್ಲೆಂಡ್‌ನ ಅತಿ ಶ್ರೀಮಂತ ಧರ್ಮಪ್ರಾಂತ್ಯಗಳಲ್ಲಿ ಒಂದು. ಬಿಷಪ್ ಹುದ್ದೆಗೆ ಸೇರಿದ ಜಮೀನುಗಳಿಂದ ವರ್ಷಕ್ಕೆ ಸುಮಾರು 7,000 ಪೌಂಡ್ ಬರುತ್ತಿತ್ತು. ಗುತ್ತಿಗೆಗಳನ್ನು ಲೆಕ್ಕಾಚಾರದಿಂದ ನವೀಕರಿಸಿದ ಹಾರ್ವಿ ಅದನ್ನು ಇನ್ನಷ್ಟು ಬೆಳೆಸಿದರು.

ಬಹುಸಂಖ್ಯಾತರಿಗೇ ಹಕ್ಕಿಲ್ಲದ ನಾಡು

ಹಾರ್ವಿ ಯಾಕೆ ಮುಖ್ಯ ಎಂದು ತಿಳಿಯಲು ಅಂದಿನ ಐರ್ಲೆಂಡ್ ಹೇಗಿತ್ತು ಎಂದು ನೋಡಬೇಕು. ಅಲ್ಲಿನ ಬಹುಸಂಖ್ಯಾತರು ಕ್ಯಾಥೊಲಿಕರು. ಉತ್ತರದ ಅಲ್ಸ್ಟರ್ ಭಾಗದಲ್ಲಿ ಸ್ಕಾಟ್ಲೆಂಡ್ ಮೂಲದ ಪ್ರೆಸ್ಬಿಟೇರಿಯನ್ನರು ದೊಡ್ಡ ಸಂಖ್ಯೆಯಲ್ಲಿದ್ದರು. ಆದರೆ ಸರ್ಕಾರದ ಅಧಿಕೃತ ಧರ್ಮಸಭೆ ಅಲ್ಪಸಂಖ್ಯಾತ ಆಂಗ್ಲಿಕನ್ನರದ್ದು. ಜಮೀನು, ಸಂಸತ್ತು, ನ್ಯಾಯಾಲಯ ಎಲ್ಲವೂ ಬಹುತೇಕ ಅವರ ಕೈಯಲ್ಲೇ.

ಕ್ಯಾಥೊಲಿಕರು ಮತ ಹಾಕುವಂತಿರಲಿಲ್ಲ. ಸಂಸತ್ತಿಗೆ ಹೋಗುವಂತಿರಲಿಲ್ಲ. ಜಮೀನು ಕೊಳ್ಳುವಂತಿರಲಿಲ್ಲ, 31 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗುತ್ತಿಗೆ ಪಡೆಯುವಂತೆಯೂ ಇರಲಿಲ್ಲ. ಇಷ್ಟಾದರೂ ಕ್ಯಾಥೊಲಿಕ್ ಮತ್ತು ಪ್ರೆಸ್ಬಿಟೇರಿಯನ್ ರೈತರು ತಮ್ಮದಲ್ಲದ ಚರ್ಚ್‌ನ ಪಾದ್ರಿಗೆ ಬೆಳೆಯ ಹತ್ತನೇ ಒಂದು ಭಾಗವನ್ನು ದಶಾಂಶವಾಗಿ ಕೊಡಬೇಕಿತ್ತು. ತಮ್ಮ ಪಾದ್ರಿಯನ್ನು ಸಾಕುವ ಖರ್ಚು ಬೇರೆ.

ಈ ವ್ಯವಸ್ಥೆಯ ತುದಿಯಲ್ಲಿ ಕುಳಿತಿದ್ದ ಬಿಷಪ್ ಹಾರ್ವಿ ಅದೇ ವ್ಯವಸ್ಥೆ ತಪ್ಪು ಎಂದು ವಾದಿಸತೊಡಗಿದರು. ದಶಾಂಶ ಪದ್ಧತಿಯನ್ನು ವಿರೋಧಿಸಿದರು. ಎಲ್ಲ ಧರ್ಮದವರಿಗೂ ಸಮಾನ ಹಕ್ಕು ಸಿಗಬೇಕು ಎಂದರು. ಪೋಪ್ ಮೇಲಿನ ಭಕ್ತಿಯನ್ನು ಬಿಡದೆಯೇ ಕ್ಯಾಥೊಲಿಕರು ದೊರೆಗೆ ನಿಷ್ಠೆಯ ಪ್ರಮಾಣ ಮಾಡಲು ಅವಕಾಶವಾಗಬೇಕು ಎಂಬುದು ಅವರ ಯೋಜನೆ. ಇದಕ್ಕಾಗಿ ಯುರೋಪ್‌ನಲ್ಲಿದ್ದ ಐರಿಷ್ ಕ್ಯಾಥೊಲಿಕ್ ಪಾದ್ರಿಗಳನ್ನೂ ಖುದ್ದಾಗಿ ಭೇಟಿಯಾದರು. 1774ರಲ್ಲಿ ಅಂಥ ಪ್ರಮಾಣಕ್ಕೆ ಕಾನೂನು ಬಂತು. 1778ರ ಪರಿಹಾರ ಕಾಯ್ದೆಯಲ್ಲಿ ಪ್ರಮಾಣ ಮಾಡಿದ ಕ್ಯಾಥೊಲಿಕರಿಗೆ 999 ವರ್ಷಗಳ ಗುತ್ತಿಗೆ ಪಡೆಯುವ ಹಕ್ಕು ಸಿಕ್ಕಿತು. ಇದರ ಹಿಂದೆ ಅನೇಕರ ಶ್ರಮವಿತ್ತು. ಆದರೆ ಆಂಗ್ಲಿಕನ್ ಬಿಷಪ್ ಒಬ್ಬರು ಬಹಿರಂಗವಾಗಿ ಬೆಂಬಲಿಸಿದ್ದು ಅಂದಿಗೆ ದೊಡ್ಡ ವಿಷಯ.

ಡೆರ್ರಿಗೆ ಕೊಟ್ಟದ್ದು

ಮೊದಲ ದಶಕದಲ್ಲಿ ಹಾರ್ವಿ ಕೆಲಸ ಮಾಡುವ ಬಿಷಪ್ ಆಗಿದ್ದರು. ತಮ್ಮ ಪ್ರಾಂತ್ಯದ ಚರ್ಚ್‌ಗಳನ್ನು ಸುತ್ತಿದರು. ಹಾಳಾಗಿದ್ದವನ್ನು ರಿಪೇರಿ ಮಾಡಿಸಿದರು. ಗುಡ್ಡಗಾಡಿನಲ್ಲಿ ರಸ್ತೆ ಮಾಡಿಸಿದರು. ಒಳ್ಳೆಯ ಹುದ್ದೆಗಳನ್ನು ಇಂಗ್ಲೆಂಡ್‌ನಿಂದ ಬಂದವರಿಗೆ ಹಂಚುವ ಬದಲು ತಮ್ಮ ಪ್ರಾಂತ್ಯದಲ್ಲೇ ದುಡಿದ ಪಾದ್ರಿಗಳಿಗೆ ಕೊಡಲು ಮುಂದಾದರು. ನಗರದ ಸೇಂಟ್ ಕೊಲಂಬ್ಸ್ ಕ್ಯಾಥೆಡ್ರಲ್‌ಗೆ ಎತ್ತರದ ಶಿಖರ ಕಟ್ಟಿಸಿದರು. ಅದರ ಭಾರ ಗೋಪುರ ತಾಳದೆ ಕೆಲವೇ ದಶಕಗಳಲ್ಲಿ ಇಳಿಸಬೇಕಾಯಿತು ಎಂಬುದು ಬೇರೆ ಮಾತು.

ಡೆರ್ರಿ ಪಕ್ಕ ಹರಿಯುವ ಫಾಯ್ಲ್ ನದಿಗೆ ಆಗ ಸೇತುವೆ ಇರಲಿಲ್ಲ. ದೋಣಿಯೇ ಗತಿ. ಸೇತುವೆ ಬೇಕೆಂದು ವರ್ಷಗಟ್ಟಲೆ ಪಟ್ಟು ಹಿಡಿದವರಲ್ಲಿ ಹಾರ್ವಿ ಮುಂಚೂಣಿಯಲ್ಲಿದ್ದರು. ಕೊನೆಗೆ ಅಮೆರಿಕದ ಬಾಸ್ಟನ್‌ನ ಲೆಮ್ಯುಯೆಲ್ ಕಾಕ್ಸ್ 1789ರಿಂದ 1791ರ ನಡುವೆ ಸಾವಿರ ಅಡಿಗೂ ಉದ್ದದ ಮರದ ಸೇತುವೆ ಕಟ್ಟಿದರು.

ಕ್ಯಾಥೊಲಿಕರು ನಗರದಲ್ಲಿ ತಮ್ಮ ಚರ್ಚ್ ಕಟ್ಟಲು ಹೊರಟಾಗ ಹಾರ್ವಿ 200 ಗಿನಿ ದೇಣಿಗೆ ಕೊಟ್ಟರು. ಲಾಂಗ್ ಟವರ್ ಚರ್ಚ್ ಎಂದು ಹೆಸರಾದ ಅದು ಇಂದಿಗೂ ಇದೆ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1775ರಲ್ಲಿ ಡೆರ್ರಿಗೆ ಬಂದಾಗ ಹಾರ್ವಿ ಅವರ ಪ್ರವಚನ ಕೇಳಿ ಮೆಚ್ಚಿ ತಮ್ಮ ದಿನಚರಿಯಲ್ಲಿ ಬರೆದುಕೊಂಡರು. ವೆಸ್ಲಿಯಂಥ ಕಟ್ಟುನಿಟ್ಟಿನ ಮನುಷ್ಯನ ಮೆಚ್ಚುಗೆ ಸುಲಭದ್ದಲ್ಲ.

ಡೆರ್ರಿಯಿಂದ ದೂರವಿಲ್ಲದ ಕರಾವಳಿಯಲ್ಲಿ ಜೈಂಟ್ಸ್ ಕಾಸ್‌ವೇ ಇದೆ. ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಿದವರಿಗೆ ಇದರ ಕಲ್ಪನೆ ಸುಲಭ. ಎರಡೂ ಕಡೆ ಲಾವಾ ತಣ್ಣಗಾಗುವಾಗ ಬಿರುಕುಬಿಟ್ಟು ಮೂಡಿದ ಕಂಬಗಳೇ. ದೈತ್ಯನೊಬ್ಬ ಕಟ್ಟಿದ್ದು ಎಂಬ ದಂತಕಥೆ ಇದ್ದ ಈ ಜಾಗದ ಬಗ್ಗೆ ಹಾರ್ವಿ ವಿದ್ವಾಂಸರಿಂದ ಅಧ್ಯಯನ ಮಾಡಿಸಿದರು, ಕಲಾವಿದರಿಂದ ಚಿತ್ರ ಬರೆಸಿದರು. 1782ರಲ್ಲಿ ಲಂಡನ್‌ನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು.

ಪಾದ್ರಿ ಅರ್ಲ್ ಆದಾಗ

ಅಣ್ಣಂದಿರಿಬ್ಬರಿಗೂ ವಾರಸುದಾರರಿರಲಿಲ್ಲ. 1775ರಲ್ಲಿ ಜಾರ್ಜ್, 1779ರಲ್ಲಿ ಆಗಸ್ಟಸ್ ತೀರಿಕೊಂಡರು. ಚರ್ಚ್‌ಗೆಂದು ಬಂದ ಮೂರನೇ ಮಗ 49ನೇ ವಯಸ್ಸಿನಲ್ಲಿ ಬ್ರಿಸ್ಟಲ್‌ನ ಅರ್ಲ್ ಆದರು. ವರ್ಷಕ್ಕೆ ಸುಮಾರು 20,000 ಪೌಂಡ್ ಆದಾಯದ ಆಸ್ತಿ ಕೈಸೇರಿತು. ಬಿಷಪ್ ಹುದ್ದೆಯನ್ನೂ ಬಿಡಲಿಲ್ಲ. ಎರಡೂ ಕಡೆಯ ಹಣ ಒಂದೇ ಜೇಬಿಗೆ ಬೀಳತೊಡಗಿತು.

ಇಲ್ಲಿಂದ ರಾಜಕೀಯದ ಆಟ ಶುರು. ಅಮೆರಿಕದ ಯುದ್ಧಕ್ಕೆ ಸೇನೆ ಹೋದಾಗ ಐರ್ಲೆಂಡ್ ಕಾಯಲು ಜನರೇ ಕಟ್ಟಿಕೊಂಡ ವಾಲಂಟಿಯರ್ಸ್ ಎಂಬ ಸಶಸ್ತ್ರ ದಳವಿತ್ತು. ಕ್ರಮೇಣ ಅದು ರಾಜಕೀಯ ಸುಧಾರಣೆ ಕೇಳತೊಡಗಿತು. 1783ರ ನವೆಂಬರ್‌ನಲ್ಲಿ ಡಬ್ಲಿನ್‌ನ ರೋಟುಂಡಾದಲ್ಲಿ ಅದರ ಮಹಾಸಭೆ ಸೇರಿತು. ಹಾರ್ವಿ ಅಲ್ಲಿಗೆ ಬಂದದ್ದು ದೊರೆಯಂತೆ. ನೇರಳೆ ಉಡುಪು, ಆರು ಕುದುರೆಗಳ ಗಾಡಿ, ತುತ್ತೂರಿ, ಮುಂದೆ ಹಿಂದೆ ಅಶ್ವದಳ. ಆ ದಳದ ಮುಖ್ಯಸ್ಥ ಅವರದೇ ಅಕ್ಕನ ಮಗ ಜಾರ್ಜ್ ರಾಬರ್ಟ್ ಫಿಟ್ಜ್‌ಜೆರಾಲ್ಡ್. ದ್ವಂದ್ವಯುದ್ಧಗಳಿಗೆ ಕುಖ್ಯಾತನಾಗಿದ್ದ ಆತನನ್ನು ಮೂರು ವರ್ಷಗಳ ನಂತರ ಕೊಲೆ ಪ್ರಕರಣದಲ್ಲಿ ಗಲ್ಲಿಗೇರಿಸಲಾಯಿತು.

ಸಭೆಯ ಅಧ್ಯಕ್ಷ ಸ್ಥಾನದ ಮೇಲೆ ಹಾರ್ವಿ ಕಣ್ಣಿಟ್ಟಿದ್ದರು. ಆದರೆ ಅದು ಸೌಮ್ಯವಾದಿ ಲಾರ್ಡ್ ಚಾರ್ಲ್ಮಾಂಟ್ ಪಾಲಾಯಿತು. ಕ್ಯಾಥೊಲಿಕರಿಗೂ ಮತದಾನದ ಹಕ್ಕು ಕೊಡಬೇಕೆಂಬ ಹಾರ್ವಿ ವಾದಕ್ಕೆ ಸ್ವತಃ ಸುಧಾರಣಾವಾದಿಗಳೇ ಒಪ್ಪಲಿಲ್ಲ. ಸಭೆ ರೂಪಿಸಿದ ಅರೆಬರೆ ಮಸೂದೆಯನ್ನೂ ಐರಿಷ್ ಸಂಸತ್ತು ತಿರಸ್ಕರಿಸಿತು. ಹಾರ್ವಿ ಅವರನ್ನು ಬಂಧಿಸಬೇಕೇ ಎಂದು ಸರ್ಕಾರ ಯೋಚಿಸಿದ್ದೂ ಉಂಟು. ಮೂರನೇ ಜಾರ್ಜ್ ದೊರೆಗಂತೂ ಈ ಬಿಷಪ್ ಎಂದರೆ ಆಗುತ್ತಲೇ ಇರಲಿಲ್ಲ.

ಸೋಲಿನಲ್ಲಿ ಹಾರ್ವಿ ಪಾಲೂ ಇತ್ತು. ಆಡಂಬರ ಕಂಡು ಹೆದರಿದವರು ಅವರ ವಾದವನ್ನೂ ಅನುಮಾನಿಸಿದರು. ಈ ಮನುಷ್ಯನಿಗೆ ಬೇಕಿರುವುದು ಕ್ಯಾಥೊಲಿಕರ ಹಕ್ಕೋ, ಕಿರೀಟವೋ ಎಂಬ ಪ್ರಶ್ನೆ ಎದ್ದಿತು. ಆದರೆ ಅವರು ಕೇಳಿದ್ದು ತಪ್ಪಾಗಿರಲಿಲ್ಲ. ಐರಿಷ್ ಕ್ಯಾಥೊಲಿಕರಿಗೆ ಮತದಾನದ ಹಕ್ಕು ಸಿಗಲು 1793ರವರೆಗೆ, ಸಂಸತ್ತಿನಲ್ಲಿ ಕೂರಲು 1829ರವರೆಗೆ ಕಾಯಬೇಕಾಯಿತು.

ಕಡಲ ದಡದ ಗ್ರಂಥಾಲಯ

ರಾಜಕೀಯದಲ್ಲಿ ಮುಖಭಂಗವಾದ ಮೇಲೆ ಹಾರ್ವಿ ಕಟ್ಟಡಗಳತ್ತ ವಾಲಿದರು. ಅಟ್ಲಾಂಟಿಕ್ ಗಾಳಿ ಬಡಿಯುವ ಡೌನ್‌ಹಿಲ್ ಎಂಬ ಬೋಳುಗುಡ್ಡದ ಮೇಲೆ 1770ರ ದಶಕದಲ್ಲೇ ಅರಮನೆ ಶುರು ಮಾಡಿದ್ದರು. 1785ರ ಹೊತ್ತಿಗೆ ಅದರ ಬಳಿ, ಕಡಲಿಗೆ ನೇರ ಇಳಿಯುವ ಬಂಡೆಯ ಅಂಚಿನಲ್ಲಿ ಗುಮ್ಮಟದ ದುಂಡನೆಯ ಕಟ್ಟಡವೊಂದು ಎದ್ದು ನಿಂತಿತು. ಇಟಲಿಯ ಟಿವೊಲಿಯಲ್ಲಿರುವ ವೆಸ್ಟಾ ದೇಗುಲ ಇದಕ್ಕೆ ಮಾದರಿ. ಒಳಗೆ ಪುಸ್ತಕಗಳು. ಹೆಸರು ಮಸೆಂಡನ್ ಟೆಂಪಲ್.

ಫ್ರೈಡ್‌ಸ್ವೈಡ್ ಮಸೆಂಡನ್ ಹಾರ್ವಿ ಅವರ ದೂರದ ಸಂಬಂಧಿ. ವಿವಾಹಿತೆ, ವಯಸ್ಸು ಇಪ್ಪತ್ತರ ಆಸುಪಾಸು. ಬಿಷಪ್‌ಗೂ ಆಕೆಗೂ ಸಂಬಂಧ ಕಟ್ಟಿ ಪತ್ರಿಕೆಯಲ್ಲಿ ಗಾಸಿಪ್ ಬಂತು. 1785ರಲ್ಲಿ, ಕೇವಲ 22ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಕಟ್ಟಡ ಆಕೆಯ ಸ್ಮಾರಕವಾಗಿ ಉಳಿಯಿತು.

ಈ ಕಟ್ಟಡದ ಕೆಳಕೋಣೆಯಲ್ಲಿ ಸುತ್ತಲಿನ ಕ್ಯಾಥೊಲಿಕರು ವಾರಕ್ಕೊಮ್ಮೆ ಬಲಿಪೂಜೆ ನಡೆಸಲು ಹಾರ್ವಿ ಅವಕಾಶ ಕೊಟ್ಟರು. ಆ ಊರಿನಲ್ಲಿ ಅವರಿಗೆ ಬೇರೆ ಚರ್ಚ್ ಇರಲಿಲ್ಲ. ಮೇಲೆ ಆಂಗ್ಲಿಕನ್ ಬಿಷಪ್‌ನ ಪುಸ್ತಕಗಳು, ಕೆಳಗೆ ಕ್ಯಾಥೊಲಿಕ್ ಪೂಜೆ. ಅಂದಿನ ಐರ್ಲೆಂಡ್‌ನಲ್ಲಿ ಇದು ಊಹೆಗೂ ಮೀರಿದ ಸಂಗತಿ.

ಡೌನ್‌ಹಿಲ್ ಕೆಳಗಿನ ಮರಳಿನ ಮೇಲೆ ಹಾರ್ವಿ ತಮ್ಮ ಪಾದ್ರಿಗಳಿಗೆ ಕುದುರೆ ಓಟ ಏರ್ಪಡಿಸುತ್ತಿದ್ದರು, ಗೆದ್ದವರಿಗೆ ಒಳ್ಳೆಯ ಹುದ್ದೆ ಕೊಡುತ್ತಿದ್ದರು ಎಂಬ ಕಥೆಗಳೂ ಇವೆ. ಎಷ್ಟು ನಿಜವೋ, ಎಷ್ಟು ಒಗ್ಗರಣೆಯೋ! ಆದರೆ ಅಂಥ ಕಥೆ ನಂಬುವಂಥ ಮನುಷ್ಯ ಅವರು ಎಂಬುದಂತೂ ಖರೆ.

ಒಂದು ಅರಮನೆ ಸಾಲದೆ 1787ರಲ್ಲಿ ಬ್ಯಾಲಿಸ್ಕಲಿಯನ್ ಎಂಬಲ್ಲಿ ಇನ್ನೊಂದಕ್ಕೆ ಕೈ ಹಾಕಿದರು. ಅದು ಪೂರ್ಣವಾಗಲೇ ಇಲ್ಲ. 1795ರಲ್ಲಿ ಹುಟ್ಟೂರು ಇಕ್‌ವರ್ತ್‌ನಲ್ಲಿ ಮೂರನೆಯದು. ನಡುವೆ ದೊಡ್ಡ ಗುಮ್ಮಟ, ಎರಡೂ ಕಡೆ ಬಾಗಿದ ತೋಳುಗಳಂಥ ಕಟ್ಟಡ. ಇಟಲಿಯಲ್ಲಿ ಕೊಂಡ ಕಲಾಕೃತಿಗಳನ್ನು ಅಲ್ಲಿ ಜೋಡಿಸುವ ಕನಸು. ಮುಗಿದ ಇಕ್‌ವರ್ತ್ ಅನ್ನು ಅವರು ನೋಡಲೇ ಇಲ್ಲ.

ಮನೆಯಲ್ಲಿ ಕಠಿಣ

ಪರರ ನೋವಿಗೆ ಮಿಡಿದ ಮನುಷ್ಯ ಮನೆಯವರ ವಿಷಯದಲ್ಲಿ ಬೇರೆಯೇ ಆಗಿದ್ದರು. 1782ರಲ್ಲಿ ಮೂವತ್ತು ವರ್ಷಗಳ ದಾಂಪತ್ಯ ಮುರಿಯಿತು. ಪತ್ನಿ ಎಲಿಜಬೆತ್ ಇಕ್‌ವರ್ತ್‌ನಲ್ಲಿ ಒಂಟಿಯಾಗಿ ಉಳಿದರು. 1800ರಲ್ಲಿ ಅವರು ತೀರಿಕೊಳ್ಳುವವರೆಗೂ ದಂಪತಿ ಒಂದಾಗಲಿಲ್ಲ.

ಮಗಳು ಎಲಿಜಬೆತ್ ಫಾಸ್ಟರ್ ಗಂಡನಿಂದ ಬೇರಾದಾಗ ಮಕ್ಕಳು ಗಂಡನ ಬಳಿ ಉಳಿದರು. ಅಪ್ಪ ಲಕ್ಷಾಧಿಪತಿಯಾದರೂ ಮಗಳು ಕಾಸಿಗೆ ಪರದಾಡಿದಳು. ಆಕೆಯೇ ಮುಂದೆ ಡೆವನ್‌ಶೈರ್ ಡ್ಯೂಕ್‌ನ ಮನೆ ಸೇರಿ, ಡಚೆಸ್ ಜಾರ್ಜಿಯಾನಾಗೆ ಗೆಳತಿಯಾಗಿ, ಆಕೆಯ ಸಾವಿನ ನಂತರ 1809ರಲ್ಲಿ ತಾನೇ ಡಚೆಸ್ ಆದವಳು. ಇನ್ನೊಬ್ಬ ಮಗಳು ಲೂಯಿಸಾ ಅವರ ಪತಿ ಲಾರ್ಡ್ ಲಿವರ್‌ಪೂಲ್ ಮುಂದೆ ಬ್ರಿಟನ್ ಪ್ರಧಾನಿಯಾದರು.

ಹಿರಿಯ ಮಗ 1796ರಲ್ಲಿ ತೀರಿಕೊಂಡರು. ಆಗ ವಾರಸುದಾರನಾದ ಕಿರಿಯ ಮಗನಿಗೆ ಪ್ರಷ್ಯಾ ದೊರೆಯ ಪ್ರೇಯಸಿ ಕೌಂಟೆಸ್ ಲಿಷ್ಟೆನೌ ಅವರ ಮಗಳನ್ನು ತಂದುಕೊಳ್ಳಲು ಹಾರ್ವಿ ಹಠ ಹಿಡಿದರು. ಆ ಕೌಂಟೆಸ್ ಜೊತೆ ಅವರಿಗೇ ಸಲುಗೆ ಇತ್ತು. ಮಗ ಒಪ್ಪದೆ 1798ರಲ್ಲಿ ತಾನು ಮೆಚ್ಚಿದವಳನ್ನು ಮದುವೆಯಾದ. ಕೊನೆಗೆ ಉಯಿಲಿನಲ್ಲಿ ಐರ್ಲೆಂಡ್ ಆಸ್ತಿ ಮಗನಿಗಲ್ಲ, ಮಸೆಂಡನ್ ಅವರ ಸಹೋದರ ಹೆನ್ರಿ ಹಾರ್ವಿ ಬ್ರೂಸ್ ಎಂಬ ಪಾದ್ರಿಗೆ ಹೋಯಿತು.

ಬಿಷಪ್ ಇಲ್ಲದ ಧರ್ಮಪ್ರಾಂತ್ಯ

1791ರ ನಂತರ ಹಾರ್ವಿ ಡೆರ್ರಿಗೆ ಮರಳಲಿಲ್ಲ. ಕೊನೆಯ ಹನ್ನೆರಡು ವರ್ಷ ಸಂಬಳ ಡೆರ್ರಿಯಿಂದ, ವಾಸ ಜರ್ಮನಿ, ಇಟಲಿಗಳಲ್ಲಿ. ಐರಿಷ್ ರೈತರ ಬಾಡಿಗೆ ಹಣ ರೋಮ್‌ನ ಕಲಾವಿದರಿಗೆ ತಲುಪುತ್ತಿತ್ತು. ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ ಅವರಿಂದ ಫ್ಯೂರಿ ಆಫ್ ಅಥಾಮಸ್ ಎಂಬ ಬೃಹತ್ ಅಮೃತಶಿಲೆ ಶಿಲ್ಪ ಮಾಡಿಸಿದರು. ಒಪ್ಪಂದವಾದ ಬೆಲೆ 600 ಗಿನಿ. ಕಲಾವಿದನಿಗೆ ಖರ್ಚು ಅದಕ್ಕಿಂತ ಹೆಚ್ಚೇ ಆಯಿತು.

1798ರಲ್ಲಿ ಫ್ರೆಂಚ್ ಸೇನೆ ರೋಮ್ ಹಿಡಿಯಿತು. ಹಾರ್ವಿ ಕೂಡಿಟ್ಟಿದ್ದ ಸುಮಾರು 20,000 ಪೌಂಡ್ ಬೆಲೆಯ ಕಲಾಕೃತಿಗಳು ಜಪ್ತಿಯಾದವು. ಅವುಗಳನ್ನು ಹಿಂತಿರುಗಿಸಿ ಎಂದು ರೋಮ್‌ನಲ್ಲಿದ್ದ ಬೇರೆ ಬೇರೆ ದೇಶಗಳ ಮುನ್ನೂರಕ್ಕೂ ಹೆಚ್ಚು ಕಲಾವಿದರು ಮನವಿಗೆ ಸಹಿ ಹಾಕಿದರು. ಹಾರ್ವಿ ಹಣದಿಂದ ಬದುಕಿದವರು ಅವರಲ್ಲಿ ಬಹಳ. ಅಷ್ಟರಲ್ಲಿ ಫ್ರೆಂಚರು ಗೂಢಚಾರಿಕೆ ಅನುಮಾನದ ಮೇಲೆ ಹಾರ್ವಿ ಅವರನ್ನೇ ಬಂಧಿಸಿ ಮಿಲಾನ್ ಕೋಟೆಯಲ್ಲಿಟ್ಟರು. ಒಂಬತ್ತು ತಿಂಗಳು ಸೆರೆವಾಸ.

ಅದೇ 1798ರಲ್ಲಿ ಐರ್ಲೆಂಡ್ ದಂಗೆಯೆದ್ದು ಸಾವಿರಾರು ಜನ ಸತ್ತರು. ಹಕ್ಕು ಕೊಡದಿದ್ದರೆ ನಾಡು ಒಡೆಯುತ್ತದೆ ಎಂದು ವರ್ಷಗಳ ಹಿಂದೆಯೇ ವಾದಿಸಿದ್ದ ಬಿಷಪ್ ಆ ಹೊತ್ತಿನಲ್ಲಿ ತಮ್ಮ ಜನರ ಜೊತೆ ಇರಲಿಲ್ಲ. ಅವರ ಮೇಲಿನ ಆರೋಪಗಳಲ್ಲಿ ಅತ್ಯಂತ ಭಾರವಾದದ್ದು ಇದೇ.

ಕೊಟ್ಟಿಗೆಯಲ್ಲಿ ಕೊನೆಯುಸಿರು

1803ರ ಜುಲೈ 8. ಅಲ್ಬಾನೊದಿಂದ ರೋಮ್‌ಗೆ ಹೋಗುವ ದಾರಿಯಲ್ಲಿ 72 ವರ್ಷದ ಹಾರ್ವಿ ಅವರಿಗೆ ಗೌಟ್ ಉಲ್ಬಣಿಸಿತು. ರಸ್ತೆಬದಿಯ ರೈತನ ಮನೆಗೆ ಒಯ್ದರು. ಅನ್ಯಪಂಥದ ಬಿಷಪ್ ತನ್ನ ಸೂರಿನಡಿ ಸಾಯುವುದು ಬೇಡ ಎಂದು ಕ್ಯಾಥೊಲಿಕ್ ರೈತ ಅವರನ್ನು ಹೊರಗಿನ ಕೊಟ್ಟಿಗೆಗೆ ಸಾಗಿಸಿದ ಎನ್ನಲಾಗಿದೆ. ಅಲ್ಲೇ ಪ್ರಾಣ ಹೋಯಿತು. ಕ್ಯಾಥೊಲಿಕರ ಪೂಜೆಗೆ ತನ್ನ ಕಟ್ಟಡವನ್ನೇ ಬಿಟ್ಟುಕೊಟ್ಟ, ಮೂರು ಅರಮನೆ ಕಟ್ಟಲು ಹೊರಟ ಮನುಷ್ಯನಿಗೆ ಕೊನೆಗೆ ಸಿಕ್ಕ ಜಾಗ ಅದು.

ದೇಹವನ್ನು ಹಡಗಿನಲ್ಲಿ ಇಂಗ್ಲೆಂಡ್‌ಗೆ ತಂದು 1804ರಲ್ಲಿ ಇಕ್‌ವರ್ತ್ ಚರ್ಚ್‌ನಲ್ಲಿ ಹೂಳಲಾಯಿತು. ಹೆಣ ಹಡಗಿನಲ್ಲಿದ್ದರೆ ಅಪಶಕುನ ಎಂದು ನಾವಿಕರು ಹೆದರುತ್ತಿದ್ದರಿಂದ, ಪೆಟ್ಟಿಗೆಯಲ್ಲಿ ಪುರಾತನ ಪ್ರತಿಮೆ ಇದೆ ಎಂದು ಹೇಳಿ ಸಾಗಿಸಲಾಯಿತು ಎಂಬ ಕಥೆಯೂ ಇದೆ.

ಉಳಿದದ್ದೇನು?

ಬ್ಯಾಲಿಸ್ಕಲಿಯನ್ ಅರಮನೆಯನ್ನು 1813ರಲ್ಲಿ ಕೆಡವಲಾಯಿತು. ಅದರ ಮುಂಭಾಗದ ಕಂಬಸಾಲು ಬೆಲ್‌ಫಾಸ್ಟ್‌ನ ಸೇಂಟ್ ಜಾರ್ಜ್ ಚರ್ಚ್ ಸೇರಿತು. 1851ರ ಬೆಂಕಿಗೆ ಸಿಕ್ಕ ಡೌನ್‌ಹಿಲ್ ಇಂದು ಸೂರಿಲ್ಲದ ಅವಶೇಷ. ಮಗ ಪೂರ್ಣಗೊಳಿಸಿದ ಇಕ್‌ವರ್ತ್ ಮತ್ತು ಬಂಡೆ ಅಂಚಿನ ಮಸೆಂಡನ್ ಟೆಂಪಲ್ ಎರಡೂ ಈಗ ಬ್ರಿಟನ್‌ನ ನ್ಯಾಷನಲ್ ಟ್ರಸ್ಟ್ ವಶದಲ್ಲಿವೆ. ಕಡಲ ಕೊರೆತದಿಂದ ಟೆಂಪಲ್ ಉಳಿಸಲು 1990ರ ದಶಕದಲ್ಲಿ ಬಂಡೆಯನ್ನೇ ಭದ್ರಪಡಿಸಲಾಯಿತು.

ಇಕ್‌ವರ್ತ್ ಉದ್ಯಾನದಲ್ಲಿ ಒಂದು ಕಲ್ಲಿನ ಸ್ತಂಭವಿದೆ. 1817ರಲ್ಲಿ, ಹಾರ್ವಿ ಸತ್ತು ಹದಿನಾಲ್ಕು ವರ್ಷಗಳ ನಂತರ, ಡೆರ್ರಿಯ ಜನ ಚಂದಾ ಎತ್ತಿ ನಿಲ್ಲಿಸಿದ್ದು. ಅವರಿಂದ ಯಾವ ಲಾಭವೂ ಆಗಬೇಕಿರಲಿಲ್ಲ. ಕೊನೆಯ ಹನ್ನೆರಡು ವರ್ಷ ತಮ್ಮನ್ನು ಮರೆತ ಬಿಷಪ್ ಅವರು. ಆದರೂ ಹಣ ಕೊಟ್ಟರು. ಕೊಟ್ಟವರಲ್ಲಿ ಡೆರ್ರಿಯ ಕ್ಯಾಥೊಲಿಕ್ ಬಿಷಪ್ ಇದ್ದರು, ಪ್ರೆಸ್ಬಿಟೇರಿಯನ್ ಪಾದ್ರಿಯೂ ಇದ್ದರು.

ಮುಂದೆ ಅದೇ ಡೆರ್ರಿ ಧರ್ಮದ ಹೆಸರಿನ ಸಂಘರ್ಷದಲ್ಲಿ ಬಹಳ ರಕ್ತ ಕಂಡಿತು. ಮೂರು ಪಂಥದವರು ಒಟ್ಟಾಗಿ ಒಬ್ಬರಿಗೆ ಸ್ಮಾರಕ ಕಟ್ಟಿದ ದಿನವೂ ಆ ಊರಿನ ಇತಿಹಾಸದಲ್ಲಿದೆ. ಹೋಟೆಲ್ ಬೋರ್ಡ್‌ಗಳಿಗಿಂತ ದೂರದ ಊರಿನ ಆ ಕಲ್ಲಿನ ಕಂಬವೇ ಅರ್ಲ್ ಬಿಷಪ್ ಬಗ್ಗೆ ಹೆಚ್ಚು ಹೇಳುತ್ತದೆ.